ಕೆಂಪು ಚುಕ್ಕೆ

"ಚುಕ್ಕೆ ಎಲ್ಲಿ ಹೋಯ್ತು, ಅತ್ತಿಗೆ?"

ನಾದಿನಿಯ ಮುಂದೆ ಮೇಜಿನ ಮೇಲೆ ಕಂಪ್ಯೂಟರಿನ ಮೆಮೊರಿಯ ನಾಲ್ಕು ರ‍್ಯಾಮ್ ಪಟ್ಟಿಗಳಿದ್ದವು. ಎರಡು ಅವಳ ಹಳೆಯವು, ಎರಡು ಅತ್ತಿಗೆ ನಿನ್ನೆ ತಂದ ಹೊಸವು. ಕಂಪನಿ ಒಂದೇ, ಅಳತೆ ಒಂದೇ. ಆದರೂ ನಾಲ್ಕನ್ನೂ ಒಟ್ಟಿಗೆ ಹಾಕಿದರೆ ಇಬ್ಬರೂ ಸೇರಿ ನಡೆಸುವ ಟೈಪಿಂಗ್ ಅಂಗಡಿಯ ಕಂಪ್ಯೂಟರು ಜಪ್ಪಯ್ಯ ಅಂದರೂ ಶುರುವಾಗುತ್ತಿರಲಿಲ್ಲ. ಬಿಚ್ಚಿಟ್ಟಾಗ ಅದಲುಬದಲಾಗದಿರಲಿ ಎಂದೇ ಅವಳು ತನ್ನ ಎರಡಕ್ಕೂ ಉಗುರುಬಣ್ಣದ ಚುಕ್ಕೆ ಇಟ್ಟಿದ್ದಳು.

"ಅಯ್ಯೋ, ಕಲೆ ಅಂದ್ಕೊಂಡೆ ಕಣೇ. ಧೂಳು ಹೋಗ್ಲಿ ಅಂತ ರಬ್ಬರಲ್ಲಿ ಉಜ್ಜುವಾಗ ಅದನ್ನೂ ಕೆರೆದುಬಿಟ್ಟೆ."

"ನಿಮ್ಮದು ನಿಮಗೆ, ನನ್ನದು ನನಗೆ" ಎಂದು ಬೆಳಿಗ್ಗೆಯಷ್ಟೇ ಇಬ್ಬರೂ ಅಂಗಡಿ ಪಾಲು ಮಾಡಿಕೊಳ್ಳಲು ಒಪ್ಪಿದ್ದರು. ಈಗ ನೋಡಿದರೆ ಯಾವುದು ಯಾರದೆಂದು ದೇವರೇ ಹೇಳಬೇಕು. ಪ್ರಬಂಧ ಮುದ್ರಿಸಿಕೊಳ್ಳಲು ಬಂದಿದ್ದ ವಿದ್ಯಾರ್ಥಿನಿ ಬೆಂಚಿನ ತುದಿಯಲ್ಲಿ ಕೂತು ಗಡಿಯಾರ ನೋಡುತ್ತಿದ್ದಳು. ನಾದಿನಿ ಕೈಗೆ ಸಿಕ್ಕ ಎರಡನ್ನು ಒತ್ತಿ ಕೂರಿಸಿ ಗುಂಡಿ ಅದುಮಿದಳು. ಕಂಪ್ಯೂಟರು ಮರುಮಾತಿಲ್ಲದೆ ಶುರುವಾಯಿತು! ಸ್ವಲ್ಪ ಹೊತ್ತಿಗೆ ಪ್ರಿಂಟರು ಹಾಳೆ ಉಗುಳತೊಡಗಿತು.

ಅವಳು ಉಳಿದ ಎರಡನ್ನು ಬೆಳಕಿಗೆ ಹಿಡಿದಳು. ಒಂದರ ಅಂಚಿನಲ್ಲಿ ಸಾಸಿವೆಯಷ್ಟು ಕೆಂಪು ಉಳಿದಿತ್ತು. ಇನ್ನೊಂದರ ಮೇಲೆ ಕೆರೆದ ಗುರುತೂ ಇಲ್ಲ. ಹಾಗಾದರೆ ಒಳಗೆ ಓಡುತ್ತಿರುವುದು ತನ್ನದೊಂದು, ಅತ್ತಿಗೆಯದೊಂದು. ಹಳೇದಕ್ಕೂ ಹೊಸದಕ್ಕೂ ಹೊಂದೋದೇ ಇಲ್ಲ ಎಂದು ತಾನು ನಿನ್ನೆಯಿಂದ ಬೈದದ್ದು ಇದಕ್ಕೇ ಅಲ್ಲವೇ? ಅವಳಿಗೆ ತಲೆಬುಡ ತಿಳಿಯಲಿಲ್ಲ.

"ನಿನ್ನದು ಯಾವುದು ಅಂತ ಗೊತ್ತಾಯ್ತಾ?" ಅತ್ತಿಗೆ ಮೆಲ್ಲಗೆ ಕೇಳಿದಳು.

ನಾದಿನಿ ಆ ಚೂರು ಕೆಂಪನ್ನು ಹೆಬ್ಬೆರಳ ಉಗುರಿನಿಂದ ಕೆರೆದು ಹಾಕಿದಳು.

"ಇಲ್ಲ, ಅತ್ತಿಗೆ."