ಖಾಲಿ ಬಿಟ್ಟ ಹಾಡು

ಒಂದೇ ತಾಳದ ಮೇಲೆ ಹತ್ತು ಗಾಯಕರು ತಂತಮ್ಮ ಹಾಡು ಹಾಡಿದ ಅವನ ಜಮೈಕಾ ರೆಗೆ ಶೈಲಿಯ ಆಲ್ಬಮ್ ಬೆಳಿಗ್ಗೆಯಷ್ಟೇ ಬಿಡುಗಡೆಯಾಗಿತ್ತು. ಆ ತಾಳ ಎಲ್ಲಿಯದೆಂದು ಕೇಳಿದವರಿಗೆಲ್ಲ ಹಳೆಯ ಡೋಲಿನದೆಂದು ಸುಳ್ಳು ಹೇಳಿದ್ದ. ಹೆಂಡತಿಯ ಕಿವಿಗೆ ಅದು ಬೀಳದಿದ್ದರೆ ಸಾಕಾಗಿತ್ತು. ಮಧ್ಯಾಹ್ನ ಅಡುಗೆಮನೆಗೆ ಹೋದರೆ ಅವಳು ಅವರೆಕಾಯಿ ಸುಲಿಯುತ್ತ ಅದನ್ನೇ ಕೇಳುತ್ತಿದ್ದಳು.

“ಅಳಿಸ್ಬಿಡು ಅಂತ ನಾನು ಅವತ್ತೇ ಹೇಳಿದ್ದೆ. ಅಳಿಸಿದೀನಿ ಅಂದ್ಯಲ್ಲ,” ಎಂದಳು.

“ಅಳಿಸೋಕೆ ಮನಸ್ಸು ಬರ್ಲಿಲ್ಲ. ಸ್ಪೀಡ್ ಇಳಿಸಿದೀನಿ, ಗೊತ್ತಾಗಲ್ಲ ಅನ್ಕೊಂಡೆ.”

“ನಂಗೆ ಗೊತ್ತಾಗಲ್ವಾ?”

ಅವನು ತಲೆ ತಗ್ಗಿಸಿದ. “ತಪ್ಪಾಯ್ತು. ಇವತ್ತೇ ತೆಗೆಸ್ತೀನಿ.”

ಅವಳು ಇನ್ನೊಂದಿಷ್ಟು ಕಾಯಿ ಸುಲಿದಳು.

“ಕೊನೇದ್ರಲ್ಲಿ ಯಾರೂ ಹಾಡೇ ಇಲ್ಲ. ಬರೀ ತಾಳ ಇದೆ.”

“ಇಂಥ ಆಲ್ಬಮ್‌ನಲ್ಲಿ ಅದೊಂದನ್ನ ಖಾಲಿ ಬಿಡೋದು ವಾಡಿಕೆ. ಅದರ ಮೇಲೆ ಯಾರು ಬೇಕಾದ್ರೂ ಹಾಡ್ಕೋಬಹುದು.”

ಅವಳು ಕೈ ಒರೆಸಿಕೊಂಡು ಆ ಕೊನೆಯದನ್ನು ಮತ್ತೆ ಹಾಕಿದಳು. ಸ್ಕ್ಯಾನಿಂಗ್ ಕೋಣೆಯಲ್ಲಿ ಅವನು ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದ, ಹುಟ್ಟದೇ ಹೋದ ಮಗುವಿನ ಎದೆಬಡಿತಕ್ಕೆ ಸಣ್ಣ ದನಿಯಲ್ಲಿ ಜೋಗುಳ ಹಾಡತೊಡಗಿದಳು.