ಬಿಸಿಲಿಗೆ ಕಾವಲು

"ಕಳ್ಳ ಗೋಡೆಯಾಚೆಗೇ ಇದ್ದಾನೆ ಮೇಡಂ. ಮೆಲ್ಲಗೆ ಮಾತಾಡಿ."

ಸಾಹೇಬರ ಪಿಸುಮಾತು ಎರಡೂ ಮನೆಗೆ ಕೇಳಿಸಿತು. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಗಂಟಲು ಇನ್ನೂ ನಿವೃತ್ತಿಯಾಗಿರಲಿಲ್ಲ. ವಿದ್ಯುತ್ ಕಂಪನಿಯಿಂದ ಬಂದ ಇಂಜಿನಿಯರ್ ಹುಡುಗಿ ತಾರಸಿಯ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು.

"ಬಿಸಿಲಲ್ಲಿ ಯಾಕೆ ನಿಂತಿದ್ದೀರಿ? ಬನ್ನಿ, ಕೂತ್ಕೊಳ್ಳಿ," ಎಂದು ಸಾಹೇಬರು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು.

ನಗರದ ವಿದ್ಯುತ್ ಕಂಪನಿ ಮನೆಮನೆಯ ತಾರಸಿಯಿಂದ ಸೌರ ವಿದ್ಯುತ್ ಕೊಳ್ಳುತ್ತದೆ ಎಂದಾಗ ಆ ಬೀದಿಯಲ್ಲಿ ಮೊದಲು ಮುಂದೆ ಬಂದವರು ಇವರೇ. ಅಂದಿನಿಂದ ಅವರು ನಿವೃತ್ತರಲ್ಲ, ಉತ್ಪಾದಕರು. ಬೀದಿದೀಪ ಹತ್ತಿದರೆ "ನಮ್ಮ ಕರೆಂಟು" ಎನ್ನುವರು. "ಹೌದು, ರಾತ್ರಿ ಹುಟ್ಟೋ ಸೂರ್ಯನೂ ನಿಮ್ಮವನೇ," ಎಂದು ಹೆಂಡತಿ ನಗುವಳು. ಸಾಹೇಬರೂ ನಗುವರು. ತಮ್ಮ ಜಂಭ ತಮಗೇ ಗೊತ್ತಿತ್ತು, ಬಿಡಲಾಗುತ್ತಿರಲಿಲ್ಲ ಅಷ್ಟೆ.

ಪಕ್ಕದ ಮನೆ ಹೆಂಡತಿಯ ತವರು. ಅಲ್ಲಿ ಭಾವಮೈದನಿದ್ದ, ತೀರಿಕೊಂಡ ಅತ್ತೆ ನೆಟ್ಟ ನೇರಳೆ ಮರವಿತ್ತು. ಅದರ ಕೊಂಬೆ ಗೋಡೆ ದಾಟಿ ಸಾಹೇಬರ ತಾರಸಿಯ ಮೂಲೆಗೆ ಚಾಚಿತ್ತು. ಅದರಡಿ ಕುರ್ಚಿ ಹಾಕಿ, ತಮ್ಮ ಪ್ಯಾನೆಲ್‌ಗಳನ್ನು ತೊಟ್ಟಿಲ ಮಗುವನ್ನು ನೋಡುವಂತೆ ನೋಡುತ್ತ ಕೂರುವರು. ಒಂದು ಸಂಜೆ ಮರದ ನೆರಳು ಕೊನೆಯ ಪ್ಯಾನೆಲ್‌ನ ಅಂಚು ಮುಟ್ಟಿದ್ದು ಕಣ್ಣಿಗೆ ಬಿತ್ತು. ಒಂದಕ್ಕೆ ಅಂಗೈಯಷ್ಟು ನೆರಳು ಬಿದ್ದರೂ ಇಡೀ ಸಾಲೇ ಸೊರಗುತ್ತದೆ ಎಂದು ಎಲ್ಲೋ ಕೇಳಿದ್ದರು. ಮರ ಹೋಗಲೇಬೇಕು ಎಂದು ಪಟ್ಟು ಹಿಡಿದರು. ಭಾವಮೈದ ಅಕ್ಕನ ಸಂಸಾರದ ಮುಖ ನೋಡಿ ಕಡಿಸಿಬಿಟ್ಟ. ಅಕ್ಕ ಅಂದಿನಿಂದ ಗಂಡನಿಗೆ ಊಟ ಬಡಿಸುತ್ತಿದ್ದಳು, ಒಂದು ಮಾತೂ ಆಡುತ್ತಿರಲಿಲ್ಲ. ಮನೆಯ ಆ ಮೌನ ಸಾಹೇಬರಿಗೆ ಸಹಿಸಲಾಗುತ್ತಿರಲಿಲ್ಲ.

ಮರ ಹೋದ ಮೇಲೆ ಕರೆಂಟು ಏರಬೇಕಿತ್ತು. ಅರ್ಧಕ್ಕಿಳಿಯಿತು.

ಸೇಡು! ಭಾವಮೈದ ಎಲ್ಲೋ ತಂತಿ ಎಳೆದಿದ್ದಾನೆ. ಸಾಹೇಬರು ಬೆಳಗಿನ ತಿಂಡಿ ಮುಗಿಸಿ ಮರ ಹೋದ ಮೇಲೆ ತಂದ, ಹಣ್ಣಿನ ಗಾಡಿಯವರ ಥರದ ದೊಡ್ಡ ಛತ್ರಿ ಬಿಚ್ಚಿ ತಾರಸಿಯಲ್ಲಿ ಠಿಕಾಣಿ ಹೂಡಿದರೆ ಬಿಸಿಲು ಇಳಿಯುವವರೆಗೂ ಕದಲುತ್ತಿರಲಿಲ್ಲ. ಕಾವಲು ಬಿಗಿಯಾದಷ್ಟೂ ಕಳ್ಳತನ ಹೆಚ್ಚಾಯಿತು. ಕುರ್ಚಿಯನ್ನು ಪ್ಯಾನೆಲ್‌ಗಳ ಪಕ್ಕಕ್ಕೇ ಎಳೆದುಕೊಂಡರು. ಇನ್ನೂ ಹೆಚ್ಚಾಯಿತು. ಎಂಥ ಗಂಡೆದೆ ಕಳ್ಳ!

"ಸಾಕ್ಷಿ ಇದೆ ಮೇಡಂ. ಮೊನ್ನೆ ಕಣ್ಣಿನ ಡಾಕ್ಟರ ಹತ್ರ ಹೋಗಿದ್ದೆ. ಈ ಭಾವಮೈದನೇ ಕಾರಲ್ಲಿ ಕರ್ಕೊಂಡು ಹೋದ. ಸಂಜೆ ತನಕ ನನ್ನ ಪಕ್ಕದಲ್ಲೇ ಇದ್ದ. ಆ ದಿನ ಒಂದೇ ದಿನ ನೋಡಿ, ಕರೆಂಟು ಪೂರ್ತಿ ಬಂದಿತ್ತು!"

"ಅವರು ಮನೇಲಿ ಇರ್ಲಿಲ್ಲ ಅಂತ?"

"ಮತ್ತೆ? ಬಸ್ಸಲ್ಲಿ ನಾನು ಮುಖ ನೋಡೇ ಟಿಕೆಟ್ ಇಲ್ಲದೋನನ್ನ ಹಿಡೀತಿದ್ದೆ."

ಗೋಡೆಯಾಚೆ ಭಾವಮೈದನ ತಲೆ ಕಾಣಿಸಿತು. "ಹುಡುಕಿ ಭಾವ, ಹುಡುಕಿ. ನನ್ನ ಮನೆ ಬಾಗಿಲೂ ತೆಗೆದೇ ಇದೆ." ಧ್ವನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ಹುಡುಗಿಗೆ ನೀರು ತಂದ ಹೆಂಡತಿ ಮೆಟ್ಟಿಲ ಬಳಿಯೇ ನಿಂತಳು.

ಎಲ್ಲರೂ ಸೇರಿದ್ದು ಒಳ್ಳೆಯದೇ ಆಯಿತು ಎಂದುಕೊಂಡರು ಸಾಹೇಬರು. "ತಂತಿ ಸಿಕ್ಕರೆ ಅವನು ತಪ್ಪು ಒಪ್ಪಿಕೊಳ್ಳಲಿ. ಸಿಗದಿದ್ದರೆ ಎಲ್ಲರೆದುರು ನಾನೇ ಕಿವಿ ಹಿಡ್ಕೋತೀನಿ!"

ಹುಡುಗಿ ಗೋಡೆ ನೋಡಿದಳು, ಪೈಪು ನೋಡಿದಳು, ಮೀಟರಿನ ಪೆಟ್ಟಿಗೆ ಬಿಚ್ಚಿ ನೋಡಿದಳು. ತಂತಿ ಇರಲಿಲ್ಲ. ಕೊನೆಗೆ ತನ್ನ ಮೊಬೈಲನ್ನು ಸಾಹೇಬರ ಕೈಗಿಟ್ಟಳು.

"ಈಗ ಬರ್ತಿರೋ ಕರೆಂಟು ಇದು ಸಾರ್. ಇದನ್ನೇ ನೋಡ್ತಾ ಇರಿ. ಕಳ್ಳನ್ನ ಹಿಡೀತೀನಿ."

ಸಾಹೇಬರು ಕಣ್ಣು ಕಿರಿದು ಮಾಡಿ ಅಂಕಿಯನ್ನೇ ನೋಡಿದರು. ಅವರ ಬೆನ್ನ ಹಿಂದೆ ಏನೋ ಸರ್ರೆಂದು ಮಡಚಿಕೊಂಡ ಸದ್ದಾಯಿತು. ನಡುನೆತ್ತಿಗೆ ಬಿಸಿಲು ಬಡಿಯಿತು. ಅಂಕಿ ಒಮ್ಮೆಗೇ ದುಪ್ಪಟ್ಟಾಯಿತು.

ತಿರುಗಿ ನೋಡಿದರು. ಮಡಚಿದ ಛತ್ರಿ ಹುಡುಗಿಯ ಕೈಯಲ್ಲಿತ್ತು.

ಮರ ಬಿದ್ದ ದಿನದಿಂದ ತುಟಿ ಬಿಚ್ಚದ ಹೆಂಡತಿ ಮೆಟ್ಟಿಲ ಬಳಿಯಿಂದ ಕೇಳಿದಳು: "ಕಳ್ಳ ಸಿಕ್ಕಿದ್ನಾ?"

ಸಾಹೇಬರು ಎರಡೂ ಕಿವಿ ಹಿಡಿದುಕೊಂಡು ಗೋಡೆಯ ಕಡೆ ತಿರುಗಿದರು. "ಸಿಕ್ಕ. ಇಷ್ಟು ವರ್ಷ ಅತ್ತೆ ಕೊಟ್ಟ ನೆರಳಲ್ಲಿ ಟಿಕೆಟ್ ಇಲ್ಲದೆ ಕೂತಿದ್ದೋನು, ಸ್ವಂತ ನೆರಳು ಹಾಕ್ಕೊಂಡು ಸಿಕ್ಕಿಬಿದ್ದ."