ನಿರ್ದೋಷಿಯ ಮನೆತನ

ಹುಬ್ಬಳ್ಳಿಯ ವಕೀಲ ಕೋರಿಶೆಟ್ಟರು ಕಂಪನಿಗಳ ವ್ಯಾಜ್ಯ ನಡೆಸುವುದರಲ್ಲೇ ಮೂವತ್ತು ವರ್ಷ ಸವೆಸಿ ಹೆಸರು ಮಾಡಿದವರು. ಶೇರುದಾರರಿಗೆ ಮೋಸ ಮಾಡಿದ ಆರೋಪ ಹೊತ್ತಿದ್ದ ಎಣ್ಣೆ ಕಂಪನಿಯ ಮಾಲೀಕ ಮುನವಳ್ಳಿಯವರ ಪರವಾಗಿ ಅವರು ಆರು ವರ್ಷ ವಾದಿಸಿದರು. ಕೊನೆಯ ದಿನ, "ಇಂಥ ಸತ್ಯವಂತರನ್ನು ಕಟಕಟೆಯಲ್ಲಿ ನಿಲ್ಲಿಸಿದ್ದೇ ಅನ್ಯಾಯ" ಎಂದು ಅವರು ಮೇಜು ಗುದ್ದಿ ವಾದ ಮುಗಿಸಿದರು. ಮುನವಳ್ಳಿಯವರು ನಿರ್ದೋಷಿಯೆಂದು ತೀರ್ಪಾಯಿತು.

ಮರುದಿನ ಪೇಢೆಯ ಡಬ್ಬಿ ಹಿಡಿದು ಮನೆಗೆ ಬಂದ ಕಕ್ಷಿದಾರರನ್ನು ವಕೀಲರು ಪಕ್ಕದಲ್ಲೇ ಕೂರಿಸಿಕೊಂಡರು. ಎಷ್ಟೋ ದಿನದಿಂದ ಮನಸ್ಸಿನಲ್ಲಿದ್ದ ಮಾತನ್ನು ಇಂದು ಆಡಿಯೇಬಿಡಬೇಕೆಂದು ನಿಶ್ಚಯಿಸಿದ್ದರು.

"ನನಗ ಒಬ್ಬಾಕಿನ ಮಗಳ್ರೀ. ಆಕಿನ್ನ ನಿಮ್ಮ ಮಗಗ ಕೊಡಬೇಕಂತ ಮಾಡೀನಿ."

ಮುನವಳ್ಳಿಯವರು ಬೆಚ್ಚಿಬಿದ್ದರು. "ನಮ್ಮ ಮನಿತನ ಎಂಥಾದ್ದಂತ ಯಾರಿಗಾದ್ರೂ ಕೇಳೀರೇನ್ರೀ?"

"ಯಾರಿಗೆ ಯಾಕ ಕೇಳಬೇಕು? ಆರು ವರ್ಷ ಕೋರ್ಟಿನ್ಯಾಗ ನಾನ ಹೇಳೀನಲ್ಲರೀ! ನಿಮ್ಮಂಥ ಪ್ರಾಮಾಣಿಕರ ಮನಿಗೆ ಮಗಳು ಹೋದ್ರ ನಾ ನಿಶ್ಚಿಂತಿ" ಎನ್ನುತ್ತ ವಕೀಲರು ಕಣ್ಣೊರೆಸಿಕೊಂಡರು.

ಮುನವಳ್ಳಿಯವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಸಾಹೇಬ್ರ, ಅದನ್ನೆಲ್ಲಾ ನೀವೂ ನಂಬಿಬಿಟ್ರೇನ್ರೀ?"